ದಿನಕ್ಕೆ ಮೂರು ಸಾಲು: ಮಾಡಿದ್ದನ್ನು ನೆನೆಯುವ ಅಭ್ಯಾಸ



ಇಂಟರ್ನಲ್ಸ್ ಮುಗಿದ ದಿನ ಹಾಸ್ಟೆಲ್‌ನಲ್ಲಿ ನಾವು ಏನು ಮಾತಾಡ್ತೀವಿ ಅಂತ ಸ್ವಲ್ಪ ಗಮನಿಸಿ. ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಚೆನ್ನಾಗೇ ಬರೆದಿರ್ತೀವಿ. ಆದರೂ ರಾತ್ರಿ ಹನ್ನೊಂದರವರೆಗೆ ಮಾತೆಲ್ಲ ಬಿಟ್ಟುಹೋದ ಆ ಐದನೇ ಪ್ರಶ್ನೆಯದ್ದೇ. ಪ್ಲೇಸ್‌ಮೆಂಟ್ ಶುರುವಾದರಂತೂ ಕೇಳೋದೇ ಬೇಡ. "ಅವನಿಗೆ ಆಫರ್ ಬಂತು, ನನ್ನ ಕೈಲಿ ಏನೂ ಆಗಲ್ಲ" ಅನ್ನೋದು ದಿನದ ಪಲ್ಲವಿ.

ಇದಕ್ಕೆ ನಮ್ಮನ್ನು ನಾವೇ ಬೈದುಕೊಳ್ಳಬೇಕಿಲ್ಲ. ಒಳ್ಳೆಯದಕ್ಕಿಂತ ಕೆಟ್ಟದ್ದನ್ನು ಬೇಗ ಹಿಡಿದು, ಹೆಚ್ಚು ದಿನ ಇಟ್ಟುಕೊಳ್ಳುವುದು ಮನುಷ್ಯರ ಮನಸ್ಸಿನ ಸ್ವಭಾವ. ಎರರ್ ಬಂದಾಗ ಮಾತ್ರ ಲಾಗ್ ಬರೆಯುವ ಪ್ರೋಗ್ರಾಂ ಇದ್ದ ಹಾಗೆ. ಸರಿಯಾಗಿ ನಡೆದ ಸಾವಿರ ಸಾಲುಗಳ ಬಗ್ಗೆ ಆ ಲಾಗ್‌ನಲ್ಲಿ ಒಂದಕ್ಷರವೂ ಇರಲ್ಲ. ಅದನ್ನೇ ಓದ್ತಾ ಕೂತರೆ ಇಡೀ ಸಿಸ್ಟಮ್ಮೇ ಕೆಟ್ಟಿದೆ ಅನ್ನಿಸುತ್ತೆ.

ಪದದಲ್ಲೇ ಇರುವ ಪಾಠ

'ಕೃತಜ್ಞತೆ' ಪದವನ್ನು ಬಿಡಿಸಿ ನೋಡಿ. 'ಕೃತ' ಅಂದರೆ ಮಾಡಿದ್ದು, 'ಜ್ಞ' ಅಂದರೆ ಬಲ್ಲವನು. ಮಾಡಿದ್ದನ್ನು ತಿಳಿದಿರುವುದೇ ಕೃತಜ್ಞತೆ. ಯಾರು, ಏನು ಮಾಡಿದರು ಅನ್ನುವ ತಿಳಿವಳಿಕೆ ಮೊದಲು ಬೇಕು. ಸಂತೋಷ ಆಮೇಲೆ ತಾನಾಗಿ ಬರುತ್ತೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜು ಡಿಗ್ರಿ ಪಡೆದವರಲ್ಲ. 'ಮಂಕುತಿಮ್ಮನ ಕಗ್ಗ' ಎಲ್ಲರಿಗೂ ಗೊತ್ತು. ಅವರ 'ಜ್ಞಾಪಕ ಚಿತ್ರಶಾಲೆ'ಯನ್ನು ನಮ್ಮಲ್ಲಿ ಓದಿದವರು ಕಡಿಮೆ. ಎಂಟು ಸಂಪುಟಗಳ ಆ ಕೃತಿಯಲ್ಲಿ ಮೈಸೂರಿನ ದಿವಾನರೂ ಇದ್ದಾರೆ, ಡಿವಿಜಿ ಬಾಲ್ಯದಲ್ಲಿ ಕಂಡ ಮನೆಯ ಹಿರಿಯರೂ ಊರಿನ ಸಾಮಾನ್ಯ ಜನರೂ ಇದ್ದಾರೆ. ಒಂದು ಸಂಪುಟದ ಹೆಸರೇ 'ಹೃದಯ ಸಂಪನ್ನರು'. ಯಾರ ಸ್ವಭಾವ ಹೇಗಿತ್ತು, ಯಾರು ಹೇಗೆ ಬದುಕಿದರು ಅಂತ ಅವರು ಬಿಡಿಬಿಡಿಯಾಗಿ ನೆನೆದು ಬರೆದರು. ಕೃತಜ್ಞತೆಗೆ ಬೇಕಾದದ್ದು ಇಂಥ ನೆನಪು.

ಸಂಶೋಧನೆ ಏನು ಹೇಳುತ್ತೆ?

2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕ್‌ಕಲೊ ತಮ್ಮ ಪ್ರಯೋಗಗಳ ವರದಿ ಪ್ರಕಟಿಸಿದರು. ಮೊದಲ ಪ್ರಯೋಗದಲ್ಲಿದ್ದವರು ನಮ್ಮಂಥ ಕಾಲೇಜು ವಿದ್ಯಾರ್ಥಿಗಳೇ. ಹತ್ತು ವಾರ, ವಾರಕ್ಕೊಮ್ಮೆ ಒಂದು ಗುಂಪು ಕೃತಜ್ಞತೆ ಅನಿಸಿದ ಸಂಗತಿಗಳನ್ನು, ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದ ಘಟನೆಗಳನ್ನು ಬರೆಯಿತು. ಕೊನೆಗೆ ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ಇತ್ತು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ತಂಡ ಇನ್ನೊಂದು ವಿಧಾನ ಪರೀಕ್ಷಿಸಿತು: ರಾತ್ರಿ ಮಲಗುವ ಮುಂಚೆ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಮತ್ತು ಅವು ಯಾಕೆ ನಡೆದವು ಅಂತ ಬರೆಯೋದು. ಅದರ ಫಲ ಆರು ತಿಂಗಳವರೆಗೂ ಕಾಣಿಸಿತು. ಆಮೇಲಿನ ಅಧ್ಯಯನಗಳು ಪರಿಣಾಮ ಸಾಧಾರಣ ಪ್ರಮಾಣದ್ದು ಅಂತ ಹೇಳಿವೆ. ಮ್ಯಾಜಿಕ್ ನಿರೀಕ್ಷಿಸಬೇಡಿ.

ನಾವು ಮಾಡಿ ನೋಡಿದ್ದು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಊರಿಗೊಬ್ಬರಂತೆ ನಾವು ನಾಲ್ಕು ಜನ ಮೂರು ವಾರ ಬರೆದೆವು. ಮೊದಲ ವಾರ ಎಲ್ಲರದ್ದೂ ಒಂದೇ ತರ: "ಅಪ್ಪ, ಅಮ್ಮ, ಫ್ರೆಂಡ್ಸ್‌ಗೆ ಥ್ಯಾಂಕ್ಸ್." ನಾಲ್ಕನೇ ದಿನಕ್ಕೇ ಬೋರಾಯ್ತು. ಆಮೇಲೆ ಕಂಡುಕೊಂಡ ನಿಯಮಗಳು ಇವು:

1. ಹೆಸರು, ಕೆಲಸ ಎರಡನ್ನೂ ಬರೆಯಿರಿ. "ಅಮ್ಮ ಒಳ್ಳೆಯವಳು" ಸಾಲದು. "ಏಳು ಗಂಟೆ ಬಸ್ಸು ಸಿಗಲಿ ಅಂತ ಅಮ್ಮ ಐದಕ್ಕೆ ಎದ್ದು, ಹಾಲು ಕರೆದು ಡೇರಿಗೆ ಹಾಕಿ ಬಂದು, ಡಬ್ಬಿ ಕಟ್ಟಿದಳು" – ಇದು ಸರಿ.

2. 'ಯಾಕೆ ಆಯ್ತು?' ಅಂತ ಕೇಳಿಕೊಳ್ಳಿ. ಬಸ್ಸು ಸಿಕ್ಕಿದ್ದು ಅದೃಷ್ಟದಿಂದಲೋ, ನಾವು ಓಡಿ ಬರೋದನ್ನು ಕಂಡಕ್ಟರ್ ಅಣ್ಣ ನೋಡಿ ನಿಲ್ಲಿಸಿದ್ದಕ್ಕೋ?

3. ವಾರಕ್ಕೊಬ್ಬರಿಗಾದರೂ ಹೇಳಿ. ಮನೆಯಲ್ಲಿ ಥ್ಯಾಂಕ್ಸ್ ಅಂದರೆ "ಏನಾಯ್ತೋ ನಿಂಗೆ?" ಅಂತ ನಗ್ತಾರೆ. "ಅಮ್ಮಾ, ನಿನ್ನ ಚಿತ್ರಾನ್ನ ಕ್ಲಾಸಲ್ಲಿ ಎಲ್ಲರೂ ಖಾಲಿ ಮಾಡಿದ್ರು" ಅಂದರೆ ಸಾಕು, ತಲುಪುತ್ತೆ.

4. ಒಂದು ದಿನ ತಪ್ಪಿದರೆ ಬಿಟ್ಟುಬಿಡಿ, ಮರುದಿನ ಮುಂದುವರಿಸಿ. ಇದಕ್ಕೂ ಅಟೆಂಡೆನ್ಸ್ ಇಟ್ಟುಕೊಳ್ಳಬೇಡಿ.

ನಮ್ಮಲ್ಲೊಬ್ಬನಿಗೆ ಮ್ಯಾಥ್ಸ್ ಬ್ಯಾಕ್‌ಲಾಗ್ ಇತ್ತು. ಕಾಲೇಜು ಬಿಟ್ಟು ಮಾಲೂರಿನಲ್ಲಿ ಅಪ್ಪನ ಜೊತೆ ಇಟ್ಟಿಗೆ ಗೂಡಿಗೆ ಹೋಗ್ತೀನಿ ಅಂತಿದ್ದ. "ನನಗೆ ಇಲ್ಲಿ ಯಾರೂ ಇಲ್ಲ" ಅನ್ನೋದು ಅವನ ಮಾತು. ಮೂರು ವಾರದ ಪುಸ್ತಕವನ್ನು ಒಟ್ಟಿಗೆ ಓದಿದಾಗ ಅದರಲ್ಲಿ ಏಳು ಜನರ ಹೆಸರಿತ್ತು. ನೋಟ್ಸ್ ಕೊಟ್ಟ ಒಬ್ಬ ಸೀನಿಯರ್ ಹೆಸರು ನಾಲ್ಕು ಸಲ. ಅವನು ಸುಮ್ಮನೆ ಎದ್ದು ಆ ಸೀನಿಯರ್ ರೂಮಿಗೆ ಹೋದ. ಈಗ ಸಂಜೆ ಇಬ್ಬರೂ ಕೂತು ಲೆಕ್ಕ ಮಾಡ್ತಾರೆ. ಬ್ಯಾಕ್‌ಲಾಗ್ ಇನ್ನೂ ಹಾಗೇ ಇದೆ, ಆದರೆ ಕಾಲೇಜು ಬಿಡುವ ಮಾತು ಈಗಿಲ್ಲ.

ಇದು ಬಾಯಿ ಮುಚ್ಚಿಸೋಕಲ್ಲ

ಟೊಮೆಟೊ ಬೆಲೆ ಬಿದ್ದು, ಕೋಲಾರದ ಮಾರ್ಕೆಟ್‌ನಲ್ಲಿ ಕಟಾವಿನ ಕೂಲಿಯೂ ಹುಟ್ಟದ ದಿನ ಅಪ್ಪನಿಗೆ "ಪಾಸಿಟಿವ್ ಆಗಿರಪ್ಪಾ" ಅಂದರೆ ಅದು ಕ್ರೌರ್ಯ. ಕಷ್ಟವನ್ನು ಕಷ್ಟ ಅಂತಲೇ ಬರೆಯಬೇಕು. ನಮ್ಮ ನೀರಿನ ಕಥೆಯನ್ನೇ ನೋಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬಂತು, ಒಣಗಿದ್ದ ಕೆರೆಗಳು ತುಂಬಿದವು. ಅದೇ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಒತ್ತಾಯಿಸ್ತಾನೂ ಇದ್ದಾರೆ. ಕೆರೆ ತುಂಬಿದ್ದನ್ನು ನೆನೆಯೋದು, ಶುದ್ಧ ನೀರು ಕೇಳೋದು – ಎರಡೂ ಒಂದೇ ಪುಸ್ತಕದಲ್ಲಿ ಇರಬಹುದು. ಪೂರ್ತಿ ಲಾಗ್ ಅಂದರೆ ಅದೇ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬರದೆ, ಊಟ ಸೇರದೆ, ಯಾವುದೂ ಬೇಡ ಅನಿಸ್ತಿದ್ದರೆ ಮೂರು ಸಾಲು ಸಾಲದು. ನಂಬಿಕೆ ಇರುವವರ ಹತ್ತಿರ ಮಾತಾಡಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಇವತ್ತಿನ ಹೋಂವರ್ಕ್: ರಫ್ ಬುಕ್‌ನ ಕೊನೆಯ ಪುಟ ತೆಗೆಯಿರಿ, ತಾರೀಖು ಹಾಕಿ. ಇವತ್ತು ನಿಮಗಾಗಿ ಯಾರು, ಏನು ಮಾಡಿದರು? ಮೂರು ಸಾಲು ಬರೆದು ಮಲಗಿ.