ಎಂಡೋಸಲ್ಫಾನ್: ಕೋರ್ಟು ಹೇಳಿದ್ದೇನು?

ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗೆ ತೆರೆದ ಬಾವಿ, ತೋಡು, ಮೇಯುವ ದನ. ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು. 2000ದಲ್ಲಿ ಅದು ನಿಂತಿತು. ಸುಪ್ರೀಂ ಕೋರ್ಟು ದೇಶವಿಡೀ ತಡೆದದ್ದು 2011ರ ಮೇ 13ರಂದು.

2017ರ ಜನವರಿ 10ರಂದು ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮೂರು ತಿಂಗಳು ಐದು ವರ್ಷವಾಯಿತು! 2022ರ ಮೇಯಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯ ವಿಚಾರಣೆಯಲ್ಲಿ ಕೋರ್ಟು ಕಂಡದ್ದು: 3,704 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು ಎಂಟೇ ಮಂದಿಗೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ.

ಆದುದರಿಂದ ರೋಗಿಯಿರುವ ಮನೆಯವರು ಚಿಕಿತ್ಸೆಯ ಚೀಟಿ, ಕಾರ್ಡುಗಳ ಅಸಲು ಪ್ರತಿಯನ್ನು ಯಾರ ಕೈಗೂ ಕೊಡದೆ ಜೋಪಾನವಾಗಿಡಬೇಕು. ಅಟ್ಟದಲ್ಲಿ ಹಳೆಯ ವಿಷದ ಡಬ್ಬ ಉಳಿದಿದ್ದರೆ ತೋಡಿಗೆ ಎಸೆಯದೆ ಕೃಷಿಭವನಕ್ಕೆ ತಿಳಿಸಿರಿ.