ನೀರಿರುವ ವರ್ಷದಲ್ಲೇ ಕಲಿಯಬೇಕಾದದ್ದು

ಮಕ್ಕಳೇ, 2024ರ ಬೇಸಿಗೆ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ನಮ್ಮ ಬೆಂಗಳೂರಿನ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಿಮ್ಮ ವಯಸ್ಸಿನವರನ್ನು ಕೇಳಿದರೆ, ‘ಹೌದು ಅಂಕಲ್, ಆವಾಗ ಸ್ವಲ್ಪ ನೀರಿನ ತೊಂದರೆ ಇತ್ತಲ್ವಾ’ ಅನ್ನುತ್ತಾರೆ. ಅದು ಸ್ವಲ್ಪ ತೊಂದರೆಯಲ್ಲ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಸುಮಾರು ಅರ್ಧ ಬತ್ತಿದ್ದವು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಮ್ಮ ಮನೆಯ ಬೋರೂ ಬತ್ತಿದೆ ಎಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಏಪ್ರಿಲ್ ಪೂರ್ತಿ ನಗರದ ಹವಾಮಾನ ಕೇಂದ್ರದಲ್ಲಿ ಮಳೆಯೇ ದಾಖಲಾಗಲಿಲ್ಲ. ಆಮೇಲೆ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು, ಗಾಳಿಗೆ ನೂರಾರು ಮರ ಉರುಳಿದವು. ನೀರಿಲ್ಲ ಎಂದು ಅಳುತ್ತಿದ್ದ ಊರು ಮರುದಿನ ರಸ್ತೆಯಿಂದ ಕೊಂಬೆ ಎಳೆಯುತ್ತಿತ್ತು.

ಬರಕ್ಕಿಂತ ನನಗೆ ಹೆಚ್ಚು ಚಿಂತೆ ತರುವುದು ಆ ಮಳೆಯ ಜೊತೆಗೆ ಬಂದ ಮರೆವು.

ಈ ಮರೆವು ಹೊಸದಲ್ಲ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತು ಎಂಬುದು ಜನಗಣತಿಯಲ್ಲೇ ಇದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಕುಗ್ಗಿತು. ನೀವು ಮೈಸೂರಿಗೆ ಹೋಗುವ ರೈಲು ಹಾದಿ ಶುರುವಾದದ್ದೇ ಆ ಬರದ ಪರಿಹಾರ ಕೆಲಸವಾಗಿ. ಹಸಿದವರ ಕೈಗಳು ಆ ಮಣ್ಣು ಹೊತ್ತಿವೆ. ಅದಾದ ಮೇಲೂ ಈ ಊರು ಪಾಠ ಕಲಿತದ್ದು ಒಂದೇ ಬಗೆಯಲ್ಲಿ: ಹತ್ತಿರದ ನೀರು ಸಾಲದೆ ಹೋದಾಗಲೆಲ್ಲ ಇನ್ನೂ ದೂರಕ್ಕೆ ಕೈ ಚಾಚುವುದು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿ, 2024ರ ಅಕ್ಟೋಬರ್‌ನಲ್ಲಿ ಅದರ ಐದನೇ ಹಂತ. ಪ್ರತಿ ಸಲ ನಲ್ಲಿಯಲ್ಲಿ ನೀರು ಬಂದ ಕೂಡಲೇ ಬೆಂಗಳೂರು ನಿಶ್ಚಿಂತೆಯಿಂದ ಮಲಗಿತು. ಐದನೇ ಹಂತ ಬಂತಲ್ಲ ಎಂದು ನೀವೂ ಹಾಗೆ ಮಲಗಬೇಡಿ.

ಬರ ಮನಸ್ಸಿಗೆ ಏನು ಮಾಡುತ್ತದೆ ಎನ್ನುವುದನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಪ್ರವಾಹ ಒಂದೇ ರಾತ್ರಿಗೆ ಬಂದು ಬಾಗಿಲು ಬಡಿಯುತ್ತದೆ, ಎಲ್ಲರೂ ಎದ್ದು ಓಡುತ್ತಾರೆ. ಬರ ಹಾಗಲ್ಲ. ಅದು ತಿಂಗಳುಗಟ್ಟಲೆ ಮನೆಯೊಳಗೇ ಕೂತಿರುತ್ತದೆ. ಮಧ್ಯರಾತ್ರಿ ಸಂಪಿಗೆ ನೀರು ಬಿತ್ತೇ ಎಂದು ಕಿವಿ ಎಚ್ಚರವಾಗಿರುತ್ತದೆ. ನಿದ್ದೆ ಕೆಡುತ್ತದೆ. ಬಚ್ಚಲಿನಲ್ಲಿ ಎರಡು ಚೊಂಬು ಹೆಚ್ಚು ಸುರಿದುಕೊಂಡ ತಮ್ಮನ ಮೇಲೆ ರೇಗುತ್ತೀರಿ, ಪಾತ್ರೆ ತೊಳೆಯುವ ಅಮ್ಮನ ಮೇಲೆ ರೇಗುತ್ತೀರಿ. ಓನರ್‌ಗೂ ಬಾಡಿಗೆಯವರಿಗೂ ಮಾತು ನಿಂತುಹೋಗುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಪಿಜಿಯೊಂದರ ಮುಂದೆ ಓದಿದ ಹುಡುಗರು ಟ್ಯಾಂಕರ್ ಡ್ರೈವರ್‌ನ ಕಾಲರ್ ಹಿಡಿದದ್ದನ್ನು ನಾನು ನೋಡಿದೆ. ಅವನೂ ಮೂರು ರಾತ್ರಿಯಿಂದ ನಿದ್ದೆಯಿಲ್ಲದವನು. ಆ ಹುಡುಗರು ಕೆಟ್ಟವರಲ್ಲ. ತಮಗೆ ಬಂದಿರುವುದು ಸಿಟ್ಟಲ್ಲ, ಭಯ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನಿಮಗೆ ಹಾಗೆ ರೇಗಿದಾಗ ಒಂದು ಗಳಿಗೆ ನಿಂತು, ‘ನನಗೆ ಹೆದರಿಕೆಯಾಗಿದೆ’ ಎಂದು ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಕೈ ತಾನಾಗಿ ಕೆಳಗಿಳಿಯುತ್ತದೆ.

ಬೀದಿ ನಲ್ಲಿಯ ಕಾಲವನ್ನು ಕಂಡವನು ನಾನು. ಎಚ್‌ಎಎಲ್, ಬಿಇಎಂಎಲ್ ಕಾರ್ಖಾನೆಗಳ ಪಾಳಿಗೆ ಹೋಗುವವರ ಮನೆಗಳೇ ಆಗ ಇಲ್ಲಿ ಹೆಚ್ಚು. ಬೆಳಗಿನ ಪಾಳಿಯ ಮನೆಯವರು ಕತ್ತಲಲ್ಲೇ ಬಿಂದಿಗೆ ಸಾಲಿಗಿಡುತ್ತಿದ್ದರು. ಜಗಳ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಹಾರಾಡುತ್ತಿದ್ದವು. ಆದರೆ ಬಾಣಂತಿ ಇರುವ ಮನೆ ಯಾವುದು, ಹಾಸಿಗೆ ಹಿಡಿದ ಅಜ್ಜ ಯಾರ ಮನೆಯಲ್ಲಿದ್ದಾರೆ ಎಂಬುದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಮನೆಯ ಕೊಡ ಯಾರ ಅಪ್ಪಣೆಯೂ ಇಲ್ಲದೆ ಮುಂದಕ್ಕೆ ಸರಿಯುತ್ತಿತ್ತು. ಇವತ್ತು ನಿಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿಯ ಹೆಸರು ನಿಮಗೆ ಗೊತ್ತೇ? ಮೋಟರ್ ಕೆಟ್ಟ ದಿನ ಅವರಿಗೆ ನೀರು ಯಾರು ಹೊರುತ್ತಾರೆ? ಈ ವಾರವೇ ಹೋಗಿ ಮಾತಾಡಿಸಿ ಬನ್ನಿ. ವಾಟ್ಸ್‌ಆ್ಯಪ್ ಗುಂಪು ಇದೆ ಎನ್ನಬೇಡಿ. 2024ರ ಬೇಸಿಗೆಯಲ್ಲಿ ಅಂಥ ಗುಂಪುಗಳಲ್ಲಿ ಊರೇ ಖಾಲಿಯಾಗುತ್ತಿದೆ ಎಂಬಂಥ ಸುದ್ದಿಗಳೇ ಹೆಚ್ಚು ಹರಿದಾಡಿದವು. ಗೊತ್ತಿಲ್ಲದ್ದನ್ನು ಮುಂದೆ ಕಳಿಸಬೇಡಿ. ಒಬ್ಬರ ಭಯ ಹತ್ತು ಮನೆಗೆ ಹಬ್ಬುತ್ತದೆ.

ಇನ್ನೊಂದು ಮಾತು, ಇದನ್ನು ಗಮನವಿಟ್ಟು ಕೇಳಿ. ಇಲ್ಲಿ ಬಾಡಿಗೆಗಿರುವ ನಿಮ್ಮಲ್ಲಿ ಎಷ್ಟೋ ಮಂದಿಯ ಅಪ್ಪ-ಅಮ್ಮ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು, ಕಲಬುರಗಿ ಕಡೆ ಹೊಲ ನಂಬಿಕೊಂಡಿದ್ದಾರೆ. ನಮಗಿಲ್ಲಿ ಬರವೆಂದರೆ ಟ್ಯಾಂಕರ್‌ಗೆ ಹೆಚ್ಚು ದುಡ್ಡು. ಅವರಿಗೆ ಬರವೆಂದರೆ ಒಣಗಿದ ಪೈರು, ಕಟ್ಟಬೇಕಾದ ಸಾಲ, ಮಾರಬೇಕಾದ ದನ. ಫೋನಿನಲ್ಲಿ ಅಪ್ಪ ‘ಎಲ್ಲ ಚೆನ್ನಾಗಿದೆ’ ಎಂದರೆ ಅಲ್ಲಿಗೇ ಬಿಡಬೇಡಿ. ಮಳೆ ಆಯ್ತಾ ಎಂದು ಕೇಳಿ ಸುಮ್ಮನಾಗಬೇಡಿ. ಸಾಲ ಎಷ್ಟಿದೆ, ಯಾರ ಹತ್ತಿರ ಇದೆ, ಬೆಳೆ ವಿಮೆ ಕಟ್ಟಿದ್ದಾರೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ. ಗಂಡಸರು ಸಾಲದ ಮಾತನ್ನು ಹೆಂಡತಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಮಗನೋ ಮಗಳೋ ತಾನಾಗಿ ಕೇಳಿದಾಗ ಆ ಗಂಟು ಸಡಿಲವಾಗುತ್ತದೆ. ದುಡ್ಡು ಕಳಿಸಲಾಗದಿದ್ದರೂ ಪರವಾಗಿಲ್ಲ, ರಜೆ ಹಾಕಿ ಎರಡು ದಿನ ಹೋಗಿ ಬನ್ನಿ. ಬರದ ವರ್ಷದಲ್ಲಿ ಹಳ್ಳಿಯ ಮನೆಗೆ ಮಕ್ಕಳು ಬಂದು ಕೂರುವುದೇ ದೊಡ್ಡ ಆಸರೆ.

ಇನ್ನು ಮಳೆ ಗಾಳಿಯ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ನಮಗೆ ಕೂಗಳತೆಯಲ್ಲಿರುವ ಯಮಲೂರು, ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಮನೆ ಬಿಟ್ಟರು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್‌ಹೌಸ್ ಮುಳುಗಿ, ಹೊರಗೆ ಎದೆಮಟ್ಟ ನೀರಿದ್ದರೂ ನಲ್ಲಿಯಲ್ಲಿ ಹನಿ ಇರಲಿಲ್ಲ. ಮರುವರ್ಷ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಜೀವ ಕಳೆದುಕೊಂಡಳು. ನಿಮ್ಮದೇ ವಯಸ್ಸು. ನೀರು ನಿಂತ ಅಂಡರ್‌ಪಾಸಿಗೆ ಗಾಡಿ ಇಳಿಸಬೇಡಿ, ಆಫೀಸಿಗೆ ತಡವಾದರೆ ಆಗಲಿ. ಮಳೆಯಲ್ಲಿ ವಿದ್ಯುತ್ ಕಂಬ ಮುಟ್ಟಬೇಡಿ. ತಂತಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಕರೆ ಮಾಡಿ ಬೆಸ್ಕಾಂಗೆ ತಿಳಿಸಿ. ಗಾಳಿ ಎದ್ದಾಗ ಬೈಕ್ ನಿಲ್ಲಿಸಲು ಮರದ ಕೆಳಗೆ ಜಾಗ ಹುಡುಕಬೇಡಿ.

ಇಂಥದ್ದನ್ನು ಕಂಡ ಮೇಲೆ ಮೋಡ ಕವಿದರೂ ಎದೆ ಹೊಡೆದುಕೊಳ್ಳುವವರಿದ್ದಾರೆ. ಅದು ಹೇಡಿತನವಲ್ಲ, ಹುಚ್ಚೂ ಅಲ್ಲ. ನಮ್ಮ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು 1993ರ ಲಾತೂರ್ ಭೂಕಂಪ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಆದಾಗ ಅಲ್ಲಿಗೆ ಹೋಗಿ ನೊಂದವರ ಜೊತೆ ಕೆಲಸ ಮಾಡಿದವರು. ದೊಡ್ಡ ಆಪತ್ತು ಕಂಡ ಮನಸ್ಸು ನಡುಗುವುದು ಸಹಜ, ಹೆಚ್ಚಿನವರು ತಮ್ಮವರ ಜೊತೆಯಲ್ಲಿ ಮಾತಾಡುತ್ತ, ದಿನಚರಿಗೆ ಮರಳುತ್ತ ಚೇತರಿಸಿಕೊಳ್ಳುತ್ತಾರೆ ಎಂಬ ತಿಳಿವಳಿಕೆಯ ಮೇಲೆಯೇ ಆ ಕೆಲಸ ನಡೆಯುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ಮಕ್ಕಳಿಗೆ ಆಟ, ಪಾಠ. ಮುಳುಗಿದ ಮನೆಗಳ ವಿಡಿಯೊಗಳನ್ನು ದಿನವಿಡೀ ಫೋನಿನಲ್ಲಿ ನೋಡುವುದನ್ನು ಬಿಡಿ. ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಊರಿನಲ್ಲಿರುವ ಅಪ್ಪನ ಫೋನಿಗೂ ಆ ನಂಬರ್ ಹಾಕಿಕೊಡಿ.

ಕೈಕಾಲಿಗೆ ಕೆಲಸವಿದ್ದರೆ ಮನಸ್ಸಿನ ಭಯ ಅರ್ಧ ಇಳಿಯುತ್ತದೆ. ಅದಕ್ಕೇ ಒಂದು ಲೆಕ್ಕ ಕೊಡುತ್ತೇನೆ. ಸಾವಿರ ಚದರಡಿ ತಾರಸಿಯ ಮೇಲೆ 2024ರ ಜೂನ್ 2ರಂದು ಬಿದ್ದ ನೀರು ಸುಮಾರು ಹತ್ತು ಸಾವಿರ ಲೀಟರ್. ಮಾರ್ಚ್‌ನಲ್ಲಿ ನೀವು ಕೈಮುಗಿದು ತರಿಸಿಕೊಂಡ ದೊಡ್ಡ ಟ್ಯಾಂಕರ್ ಹನ್ನೆರಡು ಸಾವಿರ ಲೀಟರಿನದು. ಹತ್ತಿರಹತ್ತಿರ ಒಂದು ಟ್ಯಾಂಕರ್ ನೀರು ನಿಮ್ಮ ತಲೆಯ ಮೇಲೆಯೇ ಬಂದು ಮೋರಿಗೆ ಹೋಯಿತು. 30×40ರ ಹೊಸ ಮನೆಗೆ ಮಳೆನೀರು ಕೊಯ್ಲು ಇರಲೇಬೇಕೆಂದು 2009ರಿಂದ ಕಾನೂನೇ ಇದೆ. ಬಾಡಿಗೆದಾರರಾದರೂ ಓನರ್ ಹತ್ತಿರ ವಿನಯದಿಂದ ಕೇಳಿ: ತಾರಸಿಯ ಪೈಪು ಎಲ್ಲಿಗೆ ಹೋಗುತ್ತದೆ, ಫಿಲ್ಟರ್ ಯಾವಾಗ ತೊಳೆದಿರಿ? ‘ನಾವು ನಾಲ್ಕು ಹುಡುಗರು ಭಾನುವಾರ ತಾರಸಿ ಗುಡಿಸಿ ಫಿಲ್ಟರ್ ತೊಳೆದುಕೊಡುತ್ತೇವೆ’ ಎಂದರೆ ಬೇಡ ಎನ್ನುವ ಓನರ್ ನಮ್ಮ ತಿಪ್ಪಸಂದ್ರದಲ್ಲಿ ಸಿಗುವುದು ಕಷ್ಟ. ಮೊದಲ ಮಳೆಗೆ ಮುಂಚೆ, ಅಂದರೆ ಮಾರ್ಚ್ ಮುಗಿಯುವುದರೊಳಗೆ ಈ ಕೆಲಸ ಆಗಿರಲಿ. ಮೂರನೇ ಮಹಡಿಯ ಅಜ್ಜಿಗೆ ನಿಮ್ಮ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವತ್ತೇ ಕೊಟ್ಟು ಬನ್ನಿ.