ಬಾಗಿಲ ಮುಂದಿನ ಗಣಿತ: ಜನಸಂದಣಿಯ ಚಲನೆಯನ್ನು ಕುರಿತ ಪಾಠ

ತರಗತಿ: 7 ಮತ್ತು 8
ಅವಧಿ: ಎರಡು ಪಾಠವೇಳೆ
ಸಾಮಗ್ರಿ: ಚೌಕುಳಿ ಹಾಳೆ, ಹುಣಸೆಬೀಜ, ಒಂದು ನಾಣ್ಯ, ಅಳತೆಪಟ್ಟಿ

ಪೀಠಿಕೆ
1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್ ಎಂಬ ಸಭಾಂಗಣದಲ್ಲಿ ಮಕ್ಕಳಿಗಾಗಿ ಮನರಂಜನೆಯ ಪ್ರದರ್ಶನವೊಂದು ನಡೆಯಿತು. ಕೊನೆಯಲ್ಲಿ ವೇದಿಕೆಯ ಬಳಿಯಿದ್ದವರಿಗೆ ಉಡುಗೊರೆ ಹಂಚುವುದನ್ನು ಕಂಡ ಮೇಲಂತಸ್ತಿನ ಮಕ್ಕಳು, ತಮಗೆಲ್ಲಿ ತಪ್ಪಿಹೋಗುವುದೋ ಎಂದು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಮ್ಮೆಗೆ ಒಂದು ಮಗು ನುಸುಳುವಷ್ಟೇ ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಲಾಗಿತ್ತು. ಮುಂದಿದ್ದವರು ಸಿಲುಕಿದರು, ಹಿಂದಿದ್ದವರಿಗೆ ಅದು ಕಾಣಲಿಲ್ಲ. 183 ಮಕ್ಕಳು ಉಸಿರುಗಟ್ಟಿ ಮಡಿದರು. ಅಲ್ಲಿ ಬೆಂಕಿಯಿರಲಿಲ್ಲ, ಹೊಗೆಯಿರಲಿಲ್ಲ. ಇದ್ದುದು ಕಿರಿದಾದ ಬಾಗಿಲು ಮತ್ತು ಅವಸರ. ಶಿಕ್ಷಕರು ಈ ಸಂಗತಿಯನ್ನು ಮಕ್ಕಳು ಬೆದರದಂತೆ, ಸಂಯಮದ ಮಾತುಗಳಲ್ಲಿ ತಿಳಿಸಬೇಕು.

ವಿಷಯ ನಿರೂಪಣೆ
ಕಟ್ಟಡವೊಂದನ್ನು ತೆರವು ಮಾಡಲು ಎಷ್ಟು ಹೊತ್ತು ಬೇಕೆಂಬುದನ್ನು ಅಪಾಯ ಬರುವ ಮೊದಲೇ ಅರಿಯಲು ವಿಜ್ಞಾನಿಗಳು ಗಣಕಮಾದರಿಗಳನ್ನು ರಚಿಸಿದ್ದಾರೆ. 2000ದಲ್ಲಿ ಡಿರ್ಕ್ ಹೆಲ್ಬಿಂಗ್, ಇಲ್ಲೇಶ್ ಫಾರ್ಕಶ್ ಮತ್ತು ತಮಾಶ್ ವಿಚೆಕ್ ಎಂಬುವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಾದರಿ ಇವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಪ್ರತಿಯೊಬ್ಬ ವ್ಯಕ್ತಿಯೂ ಬಾಗಿಲ ಕಡೆಗೆ ಸೆಳೆಯಲ್ಪಡುತ್ತಾನೆ, ಇತರರಿಂದಲೂ ಗೋಡೆಯಿಂದಲೂ ದೂರವಿರಲು ಯತ್ನಿಸುತ್ತಾನೆ. ಮೈಗೆ ಮೈ ತಾಗಿದಾಗ ಘರ್ಷಣೆ ಹುಟ್ಟುತ್ತದೆ. ಆದುದರಿಂದ ಎಲ್ಲರೂ ಅತಿವೇಗದಿಂದ ಹೊರಡಲೆಳಸಿದರೆ ಬಾಗಿಲಲ್ಲಿ ಕಮಾನಿನಾಕಾರದ ತಡೆ ಏರ್ಪಟ್ಟು, ಹೊರಬರುವುದು ತಡವಾಗುತ್ತದೆ.

ಚಟುವಟಿಕೆ
ಹಾಳೆಯ ಮೇಲೆ 6 × 6 ಚೌಕಗಳ ಕೋಣೆ ಬರೆದು, ಒಂದು ಬದಿಯಲ್ಲಿ ಒಂದು ಚೌಕದಷ್ಟು ಅಗಲದ ಬಾಗಿಲು ಬಿಡಬೇಕು. 24 ಬೀಜಗಳನ್ನು ಹರಡಬೇಕು. ಬಾಗಿಲಿಗೆ ಹತ್ತಿರವಿರುವ ಬೀಜದಿಂದ ಆರಂಭಿಸಿ, ಪ್ರತಿ ಸರದಿಯಲ್ಲಿ ಪ್ರತಿಯೊಂದು ಬೀಜವೂ ಬಾಗಿಲ ಕಡೆಗಿನ ಖಾಲಿ ಚೌಕಕ್ಕೆ ಒಂದು ಹೆಜ್ಜೆ ಸರಿಯಬಹುದು.

1. ಮೊದಲ ಆಟ: ಎರಡು ಬೀಜಗಳು ಒಂದೇ ಚೌಕಕ್ಕೆ ಬರಬಹುದಾದರೆ ಒಂದು ಇನ್ನೊಂದಕ್ಕೆ ದಾರಿ ಬಿಡುತ್ತದೆ.
2. ಎರಡನೆಯ ಆಟ: ಅಂಥಲ್ಲಿ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ನೂಕಾಟವೆಂದು ತಿಳಿದು ಎರಡೂ ಆ ಸರದಿಯಲ್ಲಿ ನಿಲ್ಲಬೇಕು.
3. ಮೂರನೆಯ ಆಟ: ಮೊದಲ ಆಟದ ನಿಯಮವೇ, ಬಾಗಿಲು ಮಾತ್ರ ಎರಡು ಚೌಕದಷ್ಟು ಅಗಲ.

ಸರದಿಗಳನ್ನು ಎಣಿಸಿ ಕೋಷ್ಟಕದಲ್ಲಿ ಬರೆಯಿಸಬೇಕು. ಮೊದಲ ಆಟದಲ್ಲಿ ಕನಿಷ್ಠ 24, ಮೂರನೆಯದರಲ್ಲಿ ಕನಿಷ್ಠ 12 ಸರದಿಗಳು ಏಕೆ ಬೇಕೆಂಬುದನ್ನು ಮಕ್ಕಳೇ ಹೇಳಲಿ.

ಲೆಕ್ಕ
ಒಂದು ಮೀಟರ್ ಅಗಲದ ದ್ವಾರದಲ್ಲಿ ಸೆಕೆಂಡಿಗೆ ಸುಮಾರು 1.3 ಜನ ಹಾದುಹೋಗುವರೆಂಬುದು ಎಂಜಿನಿಯರುಗಳು ಬಳಸುವ ಅಂದಾಜು. 40 ಮಕ್ಕಳ ತರಗತಿಗೆ 40 ÷ 1.3, ಅಂದರೆ ಸುಮಾರು 31 ಸೆಕೆಂಡು. ಇಂಥ ನಾಲ್ಕು ತರಗತಿಗಳು ಅಷ್ಟೇ ಅಗಲದ ಒಂದೇ ಗೇಟಿನಿಂದ ಹೊರಡಬೇಕಾದರೆ 160 ÷ 1.3, ಅಂದರೆ ಎರಡು ನಿಮಿಷಕ್ಕೂ ಮಿಗಿಲು. ತರಗತಿಗಳು ಬೇಗ ಬರಿದಾದರೂ ಗೇಟಿನ ಬಳಿ ಸಂದಣಿ ಕಟ್ಟುತ್ತದೆ. ಹಿಂಬದಿಯ ಗೇಟಿನ ಬೀಗ ತೆಗೆದಿಟ್ಟು ಮಕ್ಕಳನ್ನು ಸಮನಾಗಿ ಹಂಚಿದರೆ ಈ ಕಾಲ ಅರ್ಧಕ್ಕಿಳಿಯುತ್ತದೆ.

ಶಿಕ್ಷಕರ ಗಮನಕ್ಕೆ
ಮಾದರಿ ಅಳೆಯುವುದು ನಡಿಗೆಯನ್ನು. ಸೂಚನೆ ಕೇಳಿ ಹೊರಡುವವರೆಗಿನ ತಡವನ್ನೂ ಅದಕ್ಕೆ ಕೂಡಿಸಬೇಕು. ಎರಡು ಮಾಧ್ಯಮಗಳು ಒಂದೇ ಕಟ್ಟಡದಲ್ಲಿರುವ ಗಡಿನಾಡ ಶಾಲೆಗಳಲ್ಲಿ ಸೂಚನೆಯು ರಾಜ್ಯಭಾಷೆಯಲ್ಲಿಯೂ ಕನ್ನಡದಲ್ಲಿಯೂ ಇರುವುದು ಲೇಸು. ಒಂದನೆಯ ತರಗತಿಯ ಮಗು ಅರ್ಥವಾಗದ ಕೂಗಿಗೆ ಎದ್ದು ನಿಲ್ಲದು. ಇತರರ ಮುಖ ನೋಡುತ್ತ ಕುಳಿತಿರುತ್ತದೆ.

ಮೌಲ್ಯಮಾಪನ
ಮಕ್ಕಳು ತಮ್ಮ ಶಾಲೆಯ ಬಾಗಿಲು, ಗೇಟುಗಳನ್ನು ಅಳೆದು, ತೆರೆಯುವ ದಿಕ್ಕನ್ನು ಗುರುತಿಸಿ, ತೆರವಿಗೆ ಬೇಕಾಗುವ ಕಾಲವನ್ನು ಲೆಕ್ಕಹಾಕಲಿ. ಬಳಿಕ ಓಡದೆ, ನೂಕದೆ ಹೊರನಡೆದು ಆ ಲೆಕ್ಕವನ್ನು ಪರೀಕ್ಷಿಸಲಿ. ದೋಷ ಕಂಡುಬಂದರೆ ಮುಖ್ಯೋಪಾಧ್ಯಾಯರಿಗೆ ಮನವಿಪತ್ರ ಬರೆಯುವುದೇ ಭಾಷಾಭ್ಯಾಸ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡುದನ್ನು ನೆನೆದರೆ, ಈ ಮನವಿಪತ್ರವನ್ನು ಬರಿಯ ಅಭ್ಯಾಸವೆಂದು ಕಪಾಟಿನಲ್ಲಿಡಲು ಯಾವ ಶಿಕ್ಷಕರಿಗೂ ಮನಸ್ಸು ಬಾರದು.